ತಂದೆಯ ಸಹಿಯ ಜಾಗ

ಈ ಸಲ ಮೇ ತಿಂಗಳ ಕೊನೆಗೆ ಮೊಮ್ಮಗಳಿಗೆ ಮಳೆಕೋಟು ಕೊಡಿಸಲು ಕುಂದಾಪುರದ ಪೇಟೆಗೆ ಹೋಗಿದ್ದೆ. ಅಂಗಡಿಯವನು ಮಡಿಕೆ ಬಿಚ್ಚಿ ಒಂದು ಕೋಟನ್ನು ನನ್ನ ಮುಖದೆದುರೇ ಕೊಡವಿದ. ಹೊಸ ರಬ್ಬರಿನ ವಾಸನೆ ಗಪ್ಪನೆ ಬಡಿದು ನನಗೆ ಅಲ್ಲೇ ಸ್ಟೂಲಿನ ಮೇಲೆ ಕೂರಬೇಕಾಯಿತು. ಮೊಮ್ಮಗಳು ಗಾಬರಿಯಾಗಿ, "ಎಂತಾಯ್ತ್ ಅಜ್ಜಿ?" ಅಂದಳು. ಸೆಕೆ ಎಂದು ಹೇಳಿ ತಪ್ಪಿಸಿಕೊಂಡೆ.

ಅರವತ್ತೇಳರ ಮಳೆಗಾಲದಲ್ಲಿ, ಬ್ರಹ್ಮಾವರದ ಒಂದು ಜಗಲಿಯಲ್ಲಿ, ಇದೇ ವಾಸನೆಯ ಮುಂದೆ ನಾನು ನನ್ನ ಗಂಡನಿಗೆ ಒಂದು ಮಾತು ಹೇಳಿದ್ದೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ವರ್ಷ ನಡೆದದ್ದನ್ನು ನಾನು ಪೂರ್ತಿಯಾಗಿ ಯಾರಿಗೂ ಹೇಳಿದವಳಲ್ಲ.

ಆಗ ನಮ್ಮ ಮನೆ ಕುಂದಾಪುರದ ಹೊಳೆಬದಿಯಲ್ಲಿತ್ತು. ನಮ್ಮವರು ಗಂಗೊಳ್ಳಿಗೆ ಜನರನ್ನು ದಾಟಿಸುವ ಲಾಂಚು ನಡೆಸುತ್ತಿದ್ದರು. ನಾನು ಕೋಡಿಯ ಶಾಲೆಯಲ್ಲಿ ಟೀಚರು. ದಿನಾ ಸಣ್ಣ ದೋಣಿಯಲ್ಲಿ ದಾಟಿ, ದಂಡೆಯ ಹೊಯಿಗೆಯ ಮೇಲೆ, ಮರಳಿನಲ್ಲಿ ನಡೆದು ಹೋಗುತ್ತಿದ್ದೆ. ನಮ್ಮ ಒಬ್ಬನೇ ಮಗ ರಾಘು ಹದಿನಾರು ತುಂಬಿದ ಕೂಡಲೇ ನೌಕಾಪಡೆಗೆ ಸೇರಿದ್ದ. ಕೋಡಿಯ ಪದ್ದಕ್ಕನ ಮಗ ಶೀನನೂ ಅವನೂ ಒಂದೇ ದಿನ, ಒಂದೇ ಬಸ್ಸಿನಲ್ಲಿ ಹೋದವರು.

ನಮ್ಮವರು ಅವನನ್ನು ಸುಲಭದಲ್ಲಿ ಕಳಿಸಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರ ತಮ್ಮ ವಾಸು ಬೊಂಬಾಯಿಯಲ್ಲಿ ಹಡಗು ಹತ್ತಿ, ಅದರ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ್ದ. ವಾಪಸು ಬಂದದ್ದು ಒಂದು ಸರಕಾರಿ ಕಾಗದ ಮಾತ್ರ. ಓದು ಬಾರದ ನಮ್ಮ ಅತ್ತೆ ಅದನ್ನು ಉತ್ತರ ಬರೆಯಬೇಕಾದ ಪತ್ರವೆಂದೇ ತಿಳಿದು ಸಾಯುವ ತನಕ ಸೊಂಟದ ಚೀಲದಲ್ಲಿ ಇಟ್ಟುಕೊಂಡಿದ್ದರು. ಹಾಗಾಗಿ ರಾಘು ನೌಕಾಪಡೆಯ ಮಾತು ತೆಗೆದಾಗ ನಮ್ಮವರು ಒಂದೇ ಷರತ್ತು ಹಾಕಿದ್ದರು. "ದಡದ ಕೆಲ್ಸ ಆರೆ ಹೋಗ್. ಹಡಗಿನ ಹೊಟ್ಟಿಯೊಳ್ಗ್ ಇಳ್ಸ್ತ್ರ್ ಅಂದ್ರೆ ನಾ ಕಳ್ಸುದಿಲ್ಲೆ." ರಾಘುವಿಗೆ ಉಗ್ರಾಣದ ಕೆಲಸ ಸಿಕ್ಕಿತು. ಅವರಿಗೆ ಸಮಾಧಾನವಾಯಿತು.

ಅರವತ್ತೇಳರ ಮೇ ತಿಂಗಳಲ್ಲಿ ನನ್ನ ಶಾಲೆಯ ವಿಳಾಸಕ್ಕೆ ರಾಘುವಿನ ದಪ್ಪ ಲಕೋಟೆ ಬಂತು. ರಜೆಯಾದರೂ ದಾಖಲಾತಿ ಕೆಲಸಕ್ಕೆಂದು ನಾನು ಹೋಗಿದ್ದೆ. ಲಕೋಟೆಯೊಳಗೆ ಒಂದು ಪತ್ರ ಮತ್ತು ಇಂಗ್ಲಿಷಿನ ಒಂದು ಫಾರಮು ಇದ್ದವು. "ಅಮ್ಮ, ಅಣು ರಕ್ಷಣೆಯ ವಿಶೇಷ ತರಬೇತಿಗೆ ನಮ್ಮ ತಂಡದಿಂದ ಕೆಲವರನ್ನು ಆರಿಸಿದ್ದಾರೆ. ನಾನೂ ಶೀನನೂ ಇದ್ದೇವೆ. ಆರು ತಿಂಗಳು ರಜೆ ಇಲ್ಲ, ಎಲ್ಲಿ ಏನು ಎಂದು ಬರೆಯುವ ಹಾಗಿಲ್ಲ. ಹದಿನೆಂಟು ತುಂಬದವರು ತಂದೆಯ ಸಹಿ ತರಿಸಬೇಕು. ಅಪ್ಪಯ್ಯ ಹಾಕದಿದ್ದರೆ ನಾನು ಸ್ಟೋರಿನಲ್ಲೇ ಉಳಿಯುತ್ತೇನೆ. ಅದರಿಂದ ತೊಂದರೆ ಏನೂ ಇಲ್ಲ" ಎಂದು ಬರೆದಿದ್ದ. ಫಾರಮಿನ ಕೆಳಗೆ ತಂದೆಯ ಸಹಿಗೆ ಒಂದು ಗೆರೆ. ತಂದೆ ಬದುಕಿಲ್ಲದಿದ್ದರೆ ಮಾತ್ರ ತಾಯಿಯದು.

ನಮ್ಮವರು ಸಹಿ ಹಾಕುವುದಿಲ್ಲ ಎಂದು ಫಾರಮು ಮಡಚುವಾಗಲೇ ನನಗೆ ಗೊತ್ತಿತ್ತು. ನಾಲ್ಕು ದಿನ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ. ನಾನು ಎಂಟನೆಯ ತರಗತಿ ಮುಗಿಸಿದಾಗ ಮಂಗಳೂರಿನ ಹೈಸ್ಕೂಲಿನ ಅರ್ಜಿಗೆ ನನ್ನ ತಂದೆ ಸಹಿ ಹಾಕಿರಲಿಲ್ಲ. ಆ ಅರ್ಜಿ ನಮ್ಮ ಮನೆಯ ಮಾಡಿನ ಸಂದಿಯಲ್ಲಿ ಹಳದಿಯಾಗುವುದನ್ನು ನೋಡುತ್ತಲೇ ನಾನು ಮದುವೆಯ ವಯಸ್ಸಿಗೆ ಬಂದಿದ್ದೆ. ಮದುವೆಯಾದ ಮೇಲೆ ನನ್ನನ್ನು ಓದಿಸಿ, ಟೀಚರ್ ಟ್ರೈನಿಂಗಿಗೆ ಕಳಿಸಿ, ಅದರ ಕಾಗದಕ್ಕೆ ಸಹಿ ಹಾಕಿದವರು ನಮ್ಮವರೇ. ಅವರ ಆ ಸಹಿಯನ್ನೇ ನಾನು ಮಕ್ಕಳಿಲ್ಲದ ತರಗತಿಯಲ್ಲಿ ಕೂತು ಒಂದು ಸ್ಲೇಟಿನ ಮೇಲೆ ಬರೆದು ಅಳಿಸಿ, ಬರೆದು ಅಳಿಸಿ ಕಲಿತೆ. 'ನಾರಾಯಣ' ಎಂದು ಬರೆದು ಕೊನೆಯ ಅಕ್ಷರದ ಬಾಲವನ್ನು ಅವರು ಉದ್ದಕ್ಕೆ ಎಳೆಯುತ್ತಿದ್ದರು. ಐದನೆಯ ದಿನ ಫಾರಮಿನ ಮೇಲೆ ಎಳೆದೆ. ಅವರದಕ್ಕಿಂತ ಚೆನ್ನಾಗಿ ಬಂತು. ಜತೆಗೆ ರಾಘುವಿಗೆ ಒಂದು ಪತ್ರ ಬರೆದೆ. ನಮ್ಮ ವಂಶದಲ್ಲಿ ಇಷ್ಟು ದೊಡ್ಡ ವಿದ್ಯೆಗೆ ಹೋದವರಿಲ್ಲ, ಅಪ್ಪಯ್ಯನಿಗೂ ತುಂಬ ಸಂತೋಷವಾಗಿದೆ ಎಂದು ಎರಡು ಪುಟ.

ಅದೇ ವಾರ ಪದ್ದಕ್ಕ ಶೀನನ ಫಾರಮು ಹಿಡಿದುಕೊಂಡು ಶಾಲೆಗೆ ಬಂದಳು. ಗಂಡ ಸತ್ತು ಹತ್ತು ವರ್ಷವಾಗಿತ್ತು. ಮೀನಿನ ಬುಟ್ಟಿ ಜಗಲಿಯ ಹೊರಗಿಟ್ಟು, "ಟೀಚರಮ್ಮ, ಇದ್ರಗೆ ಎಂತ ಬರ್ದಿತ್ತ್?" ಅಂದಳು. ಓದಿ ಹೇಳಿದೆ. "ಅಣು ಅಂದ್ರೆ?" ಅದನ್ನೂ ತಿಳಿದಷ್ಟು ಹೇಳಿದೆ. ಒಂದು ಗಳಿಗೆ ಯೋಚಿಸಿ, "ನಮ್ ಶೀನ ಹೆದ್ರುವನಲ್ಲ ಬಿಡಿ" ಎಂದು ಇಂಕಿನ ಪ್ಯಾಡಿಗೆ ಹೆಬ್ಬೆರಳು ಒತ್ತಿ, ಫಾರಮಿನ ಮೇಲೆ ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋದಳು. ಅವಳ ಕೆಲಸ ಅಷ್ಟು ಬೇಗ, ಅಷ್ಟು ಬೆಳಕಿನಲ್ಲಿ ಮುಗಿಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ಆ ವರ್ಷ ಹೊಳೆ ಬೇಗ ಕೆಂಪಾಯಿತು, ಕಡಲು ಸೇರುವ ಅಳಿವೆಯಲ್ಲಿ ಸೆಳೆತ ಜೋರಾಯಿತು. ಲಾಂಚನ್ನು ಕಟ್ಟಿಹಾಕಿದರು. ನಮ್ಮವರು ಮನೆಯಲ್ಲೇ ಉಳಿದರು. ಕೆಲಸವಿಲ್ಲದೆ ಕೂತು ರೂಢಿಯಿಲ್ಲದ ಮನುಷ್ಯ. ಹಗ್ಗ ಹೊಸೆಯುವುದು, ಲಾಂಚಿನ ಲಾಟೀನು ತಿಕ್ಕುವುದು, ನಡುನಡುವೆ ಬಾಗಿಲಿಗೆ ಬಂದು ಹೊಳೆ ನೋಡುವುದು. ಎರಡು ಕೋಣೆಯ ಮನೆ. ನಾನು ಯಾವ ಮೂಲೆಗೆ ಹೋದರೂ ಅವರ ಕಣ್ಣು ಅಲ್ಲಿರುತ್ತಿತ್ತು. ಅವರೇನೂ ನನ್ನನ್ನು ಕಾಯುತ್ತಿರಲಿಲ್ಲ, ಆದರೆ ನನಗೆ ಹಾಗನಿಸುತ್ತಿತ್ತು. ಕೋಡಿಯ ಸಣ್ಣ ದೋಣಿ ಒಳಹೊಳೆಯಲ್ಲೇ ದಾಟುವುದಾದ್ದರಿಂದ ನಿಲ್ಲಲಿಲ್ಲ; ಶಾಲೆ ಶುರುವಾದಾಗ ಬಿಡುಗಡೆ ಎಂದುಕೊಂಡೆ. ದಡದಲ್ಲಿ ಕೊಡೆ ಹಿಡಿದು ನಿಂತು ನನ್ನ ದೋಣಿ ಆಚೆ ಮುಟ್ಟುವ ತನಕ ನೋಡುವುದನ್ನು ಅವರು ದಿನದ ಕೆಲಸ ಮಾಡಿಕೊಂಡರು.

ತಿಂಗಳ ಕೊನೆಗೆ ರಾಘುವಿನ ಪತ್ರ ಬಂತು, ಈ ಸಲ ಮನೆಗೆ. ಊರಿನ ಹೆಸರಿಲ್ಲ, ಬೊಂಬಾಯಿಯ ಒಂದು ಅಂಚೆಪೆಟ್ಟಿಗೆಯ ನಂಬರು ಮಾತ್ರ. ಆರೋಗ್ಯ, ಊಟ ಚೆನ್ನಾಗಿದೆ. ಮೂರನೆಯ ಸಾಲಿನ ಅರ್ಧಕ್ಕೆ ಯಾರೋ ದಪ್ಪ ಕಪ್ಪು ಮಸಿ ಬಳಿದಿದ್ದರು. ನಮ್ಮವರು ಪತ್ರವನ್ನು ಬೆಳಕಿಗೆ ಹಿಡಿದು ಮಸಿಯ ಹಿಂದೆ ಏನಿದೆಯೆಂದು ನೋಡಿದರು.

"ಸ್ಟೋರಿನ್ ಡಬ್ಬಿ ಎಣ್ಸುವನ್ ಪತ್ರಕ್ಕೆ ಮಸಿ ಎಂತಕ್ ಬಳೀಕ್?" ಎಂದು ನನ್ನನ್ನು ಕೇಳಿದರು.

"ಎಲ್ರಿಗೂ ಹಂಗೇ ಆಯ್ಕ್" ಅಂದೆ.

ಜುಲೈ ಮೊದಲ ವಾರ ಪದ್ದಕ್ಕ ಒಣಮೀನು ಮಾರುತ್ತ ನಮ್ಮ ಬಾಗಿಲಿಗೇ ಬಂದಳು. ನಾನು ಶಾಲೆಯಲ್ಲಿದ್ದೆ. ಸಂಜೆ ದೋಣಿ ಇಳಿದಾಗ ನಮ್ಮವರು ದಡದಲ್ಲಿ ಕೊಡೆಯಿಲ್ಲದೆ ನಿಂತಿದ್ದರು. ನನಗಿಂತ ಮುಂದಾಗಿ ಮನೆಗೆ ನಡೆದರು. ಒಳಗೆ ಬಂದು ಬಾಗಿಲು ಎಳೆದುಕೊಂಡು ಕೇಳಿದರು:

"ನಮ್ ಮಗ ಅಣುಬಾಂಬಿನ್ ಶಾಲೆಯಗೆ ಇದ್ನಂಬ್ರ್. ಪದ್ದು ಊರೆಲ್ಲ ಸಾರ್ಕಂಡ್ ಹೋಯ್ತಾ ಇತ್ತ್. ನಿಂಗೆ ಗೊತ್ತಿತ್ತಾ?"

"ಪತ್ರದಗೆ ಎಂತದೋ ಕೋರ್ಸ್ ಅಂದಿದ್ದ. ಅಣು ಅಂತ ಸರೀ ಗೊತ್ತಿಲ್ಲೆ."

"ಪದ್ದು ಹೆಬ್ಬೆಟ್ಟ್ ಒತ್ತಿತಂಬ್ರಲೆ. ನಮ್ಗೆ ಕಾಗ್ದ ಬರ್ಲಿಲ್ಯಾ?"

"ಬರ್ಲಿಲ್ಲೆ. ಡಿಪಾರ್ಟ್‌ಮೆಂಟಿನವ್ರೇ ಕಳ್ಸಿರ್ಕ್."

ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಹೇಳಿದ ಮೇಲೆ ಅದರೊಳಗೆ ಬದುಕಬೇಕಾಯಿತು. ಚಾದಂಗಡಿಯಲ್ಲಿ ಪೇಪರು ಓದುವವರೊಬ್ಬರು ಜಪಾನಿನ ಕತೆ ಹೇಳಿದರು. ಕೂದಲು ಉದುರುತ್ತದಂತೆ, ಚರ್ಮ ಸುಲಿಯುತ್ತದಂತೆ, ಅಲ್ಲಿದ್ದವರಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ನಮ್ಮವರು ಅವನ್ನೆಲ್ಲ ಒಂದೂ ಬಿಡದೆ ಮನೆಗೆ ಹೊತ್ತು ತಂದರು. ಗಂಜಿಯ ಮುಂದೆ ಕೂತು, "ಅವ್ನ್ ತಲೆಕೂದ್ಲ್ ನನ್ ಅಪ್ಪಯ್ಯನ್ ಕೂದ್ಲಂಗೇ ಇತ್ತ್, ದಪ್ಪ" ಎಂದು ತಟ್ಟೆ ಸರಿಸಿದರು. ಕೋರ್ಸು ಯಾರಿಗೂ ಬಾಂಬು ಮಾಡಲು ಕಲಿಸುವುದಿಲ್ಲ, ಅದರಿಂದ ಹಡಗಿನವರನ್ನು ಉಳಿಸಲು ಕಲಿಸುತ್ತದೆ ಎಂದು ಫಾರಮಿನಲ್ಲಿ ನಾನು ಓದಿದ್ದೆ. ಆದರೆ ಓದಿದ್ದೇನೆ ಎಂದು ಹೇಳುವ ಹಾಗಿರಲಿಲ್ಲ.

ಆಸಾಡಿ ತಿಂಗಳ ಒಂದು ಬೆಳಿಗ್ಗೆ ಅವರು ನನ್ನ ಮುಂದೆ ಒಂದು ಬಿಳಿ ಹಾಳೆ, ಮಸಿಕುಡಿಕೆ, ಪೆನ್ನು ಇಟ್ಟರು. ಅವರಿಗೆ ಕನ್ನಡ ನಿಧಾನಕ್ಕೆ ಬರೆಯಲು ಬರುತ್ತಿತ್ತು, ಇಂಗ್ಲಿಷು ಬಾರದು.

"ಅವ್ನ್ ಸಾಹೇಬ್ರಿಗೊಂದ್ ಅರ್ಜಿ. ನಾ ಹೇಳ್ತೆ, ನೀ ಇಂಗ್ಲಿಷಿನಗೆ ಬರಿ. ನಾನ್ ಅವ್ನ ತಂದೆ. ನನ್ನ್ ಒಪ್ಗೆ ಯಾರೂ ಕೇಳ್ಲಿಲ್ಲೆ, ನಾ ಕೊಡ್ಲೂ ಇಲ್ಲೆ. ನನ್ ಸಹಿ ಇಲ್ದೆ ಅವ್ನನ್ನ್ ಹ್ಯಾಂಗ್ ಕಳ್ಸಿದ್ರಿ? ಅವ್ನನ್ನ್ ಕೂಡ್ಲೆ ಹಿಂದೆ ಕಳ್ಸ್ಕ್."

ಬರೆದೆ. ಬೇರೇನೋ ಬರೆದರೆ ಅವರಿಗೆ ಗೊತ್ತಾಗುವುದಿಲ್ಲ ಎಂದು ಒಮ್ಮೆ ಆಸೆ ಹುಟ್ಟಿತು. ಅದೇ ಗಳಿಗೆಗೆ ಅವರು, "ಆಚೆಮನೆ ಗುಮಾಸ್ತರಿಗ್ ಒಂದ್ಸಲ ಓದ್ಸ್ಕಂಡ್ ಬತ್ತೆ" ಅಂದರು. ತಾಲೂಕು ಕಚೇರಿಯ ಆ ಗುಮಾಸ್ತರು ಓದಿ, ಟೀಚರಮ್ಮನ ಇಂಗ್ಲಿಷು ಅಚ್ಚುಕಟ್ಟಾಗಿದೆ ಎಂದು ಹೊಗಳಿದರಂತೆ. ನಮ್ಮವರು ಕೆಳಗೆ ಸಹಿ ಮಾಡಿದರು. ನಿಜವಾದ ಸಹಿ, ಸ್ವಲ್ಪ ನಡುಗಿದ ಬಾಲ. "ಕೋಡಿ ಪೋಸ್ಟಿಗ್ ಹಾಕ್" ಎಂದು ನನ್ನ ಕೈಗೆ ಕೊಟ್ಟರು.

ಆ ಕಾಗದ ಹೋದರೆ ಏನಾಗುತ್ತದೆ? ತಂದೆ ಸಹಿ ಹಾಕಿಲ್ಲ ಅನ್ನುತ್ತಾನೆ, ಫಾರಮಿನ ಮೇಲೆ ತಂದೆಯ ಸಹಿ ಇದೆ. ಕಳ್ಳ ಯಾರು? ಅಲ್ಲಿರುವವನು ನನ್ನ ಮಗ. ಮೊದಲು ಹಿಡಿಯುವುದು ಅವನನ್ನು. ಹೋಗದಿದ್ದರೆ ಉತ್ತರ ಬರುವುದಿಲ್ಲ, ಉತ್ತರ ಬರದಿದ್ದರೆ ನಮ್ಮವರು ಬಿಡುವುದಿಲ್ಲ. ಕಾಗದವನ್ನು ಹನ್ನೊಂದು ದಿನ ಚೀಲದಲ್ಲಿ, ಮಕ್ಕಳ ಕಾಪಿ ಪುಸ್ತಕಗಳ ನಡುವೆ ಹೊತ್ತು ತಿರುಗಿದೆ. ದಿನಾ ಸಂಜೆ ದೋಣಿಯಿಂದ ಇಳಿಯುವಾಗ ಅವರ ಪ್ರಶ್ನೆ: "ಉತ್ರ ಬಂತಾ?" ಹೊಳೆಗೆ ಎಸೆಯೋಣವೆಂದು ಒಂದು ದಿನ ದೋಣಿಯಲ್ಲಿ ಕೈಯನ್ನು ಚೀಲದೊಳಗೆ ಹಾಕಿದೆ. ದಡದಲ್ಲಿ ಅವರು ನಿಂತು ನೋಡುತ್ತಿದ್ದರು. ಕೈ ಹೊರಗೆ ತೆಗೆದೆ.

ಪಾಠ ಮಾಡುತ್ತ ಮಾಡುತ್ತ ಒಂದು ಮಧ್ಯಾಹ್ನ ನನಗೆ ಮಗ್ಗಿಯೇ ತಪ್ಪಿತು. ಮಕ್ಕಳು ನಕ್ಕರು. ಜಗಲಿಗೆ ಬಂದು ಕೂತೆ. ಪದ್ದಕ್ಕ ಬಂದವಳು ನನ್ನ ಮುಖ ನೋಡಿ ಬುಟ್ಟಿ ಇಳಿಸಿದಳು. "ಹ್ವಾಯ್ ಟೀಚರಮ್ಮ, ನೀವ್ ಹೀಂಗ್ ಬತ್ತಿ ಹೋರೆ ನಮ್ಮಂತವ್ರಿಗ್ ಧೈರ್ಯ ಹೇಳುವವ್ರ್ ಯಾರ್? ಬ್ರಹ್ಮಾವರದಗೆ ಅಂತೋನ್ ಮಾಮ ಅಂತ ಒಬ್ರ್ ಇದ್ರ್. ಇಪ್ಪತ್ತ್ ವರ್ಷ ಹಡಗಿನಗೆ ಇದ್ದವ್ರ್. ಭಾನುವಾರ ನಮ್ಮಂತ ಅಪ್ಪ-ಅಮ್ಮಂದ್ರನ್ನ್ ಕೂರ್ಸ್ಕಂಡ್ ಬುದ್ಧಿ ಹೇಳ್ತ್ರಂಬ್ರ್. ಹೋಪ?"

ಶೀನನ ಯೋಗಕ್ಷೇಮ ಕೇಳಲು ಪದ್ದಕ್ಕನಿಗೆ ಜತೆ ಬೇಕಂತೆ ಎಂದು ಮನೆಯಲ್ಲಿ ಹೇಳಿ ಹೊರಟೆ.

ಅಂತೋನ್ ಮಾಮನ ಮನೆ ಪೇಟೆಯ ಹಿಂದೆ, ಗದ್ದೆಯಂಚಿನಲ್ಲಿತ್ತು. ಕುಳ್ಳು ಮನುಷ್ಯ, ಕೈಗಳ ಮೇಲೆ ಹಳೆಯ ಸುಟ್ಟ ಕಲೆಗಳು. ಜಗಲಿಯಲ್ಲಿ ಆಗಲೇ ನಾಲ್ಕೈದು ಮಂದಿ ಇದ್ದರು. ಬೈಂದೂರಿನಿಂದ ಬಂದ ಒಬ್ಬ ಮುದುಕ ಎಂಟು ತಿಂಗಳಿಂದ ಮಗನ ಪತ್ರವಿಲ್ಲವೆಂದು ಕಣ್ಣೊರೆಸುತ್ತಿದ್ದ. ಅಂತೋನ್ ಮಾಮ ಅವನ ಹತ್ತಿರ ಕೂತು, "ನೀವ್ ಕಡೀ ಪತ್ರದಗೆ ಎಂತ ಕೇಂಡಿದ್ರಿ?" ಅಂದರು. "ಎಲ್ಲಿದ್ದೆ, ಎಂತ ಮಾಡ್ತೆ, ಯಾವಾಗ ಬತ್ತೆ ಅಂತ." ಮಾಮ ತಲೆಯಾಡಿಸಿದರು. "ಮೂರಕ್ಕೂ ಉತ್ರ ಬರಿಯೂಕ್ ಅವ್ನಿಗ್ ಆತಿಲ್ಲೆ. ಪಾಪ, ಎಂತ ಬರೀತ? ಉತ್ರ ಕೊಡೂಕ್ ಆಪ್ದನ್ನ್ ಕೇಣಿ. ನಿಮ್ ಎಮ್ಮೆ ಕರು ಹಾಕಿದ್ದ್ ಬರೀರಿ, ಅದ್ಕೊಂದ್ ಹೆಸ್ರ್ ಹೇಳ್ ಅನ್ನಿ. ಪತ್ರ ಬತ್ತ್ ಕಾಣಿ." ಮತ್ತೊಬ್ಬ ತಾಯಿಗೆ, ಮನೆಯಲ್ಲಿ ಕಾಯಿಲೆಯಿದ್ದರೆ ಮುಚ್ಚಿಡಬೇಡಿ, ಇದೆ ಎಂದು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿ, ಮುಚ್ಚಿಟ್ಟದ್ದು ಅಕ್ಷರದಲ್ಲೇ ಗೊತ್ತಾಗುತ್ತದೆ ಎಂದರು.

ಅವರು ಇದನ್ನೆಲ್ಲ ಯಾಕೆ ಮಾಡುತ್ತಿದ್ದರೆಂದರೆ, ಯುದ್ಧದಲ್ಲಿ ಎರಡು ವರ್ಷ ಅವರ ಪತ್ರಗಳು ತಾಯಿಗೆ ಮುಟ್ಟಿರಲಿಲ್ಲ. ಬಂದು ಬಾಗಿಲಲ್ಲಿ ನಿಂತಾಗ ಆಕೆ ಮಗನ ಗುರುತು ಹಿಡಿಯಲಿಲ್ಲವಂತೆ, ಕೊನೆಯ ತನಕವೂ.

ಎಲ್ಲರೂ ಎದ್ದ ಮೇಲೆ ಚೀಲದಿಂದ ಅರ್ಜಿ ತೆಗೆದು ಅವರ ಕೈಯಲ್ಲಿಟ್ಟೆ. ಓದಿದರು. "ಬಾಯೆ, ಹದ್ನೆಂಟ್ ತುಂಬ್ದವ್ರನ್ನ್ ತಂದೆ ಸಹಿ ಇಲ್ದೆ ಅವ್ರ್ ತಕಂಬುದಿಲ್ಲೆ. ಹಂಗಾರೆ ಆ ಸಹಿ ಯಾರ್ದ್?" ನಾನು ನೆಲ ನೋಡಿದೆ. ಅವರಿಗೆ ಅಷ್ಟೇ ಸಾಕಾಯಿತು. ಕಾಗದವನ್ನು ಮಡಚಿ ವಾಪಸು ಕೊಟ್ಟು, "ಬಪ್ಪ ಭಾನುವಾರ ಅವ್ರನ್ನ್ ಕರ್ಕಂಡ್ ಬನ್ನಿ. ಅಣು ಅಂದ್ರೆ ಎಂತ ಅಂಬುದನ್ನ್ ನಾ ಹೇಳ್ತೆ. ಉಳ್ದದ್ದ್ ನೀವೇ ಹೇಳ್ಕ್" ಅಂದರು.

ನಮ್ಮವರನ್ನು ಕರೆದುಕೊಂಡು ಹೋಗುವುದು ಕಷ್ಟವಾಗಲಿಲ್ಲ. ಮಗನ ಸುದ್ದಿ ಹೇಳಬಲ್ಲವರಿದ್ದಾರೆಂದರೆ ಅವರು ನಡೆದೇ ಬರುತ್ತಿದ್ದರು. ಮುಂದಿನ ಭಾನುವಾರ ಜೋರು ಮಳೆ. ಜಗಲಿಯಲ್ಲಿ ನಾವು ಮೂವರೇ. ಅಂತೋನ್ ಮಾಮ ಒಳಗಿಂದ ಒಂದು ಕ್ಯಾನ್ವಾಸಿನ ಚೀಲ ತಂದು, ಅದರಿಂದ ಕಪ್ಪು ರಬ್ಬರಿನ ಮುಖವಾಡವೊಂದನ್ನು ತೆಗೆದರು. ಎರಡು ಗಾಜಿನ ಕಣ್ಣು, ಮೂಗಿನ ಜಾಗದಲ್ಲಿ ಡಬ್ಬಿ. ಬೊಂಬಾಯಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದಂತೆ.

"ನಿಮ್ ಮಗ ಇದನ್ನ್ ಹಾಕ್ಕಂಡ್ ಓಡುಕೆ ಕಲೀತ. ಏಣಿ ಹತ್ತುಕೆ ಕಲೀತ. ಹಡಗಿನ್ ಬಾಗ್ಲೆಲ್ಲ ಮುಚ್ಚಿ, ಹೊರ್ಗಿನ್ ವಿಷ ತೊಳುಕೆ ಕಲೀತ. ಬಾಂಬಿನ್ ಹತ್ರ ಅವ್ನನ್ನ್ ಯಾರೂ ಬಿಡುದಿಲ್ಲೆ. ಹಾಕಿ ಕಾಣಿ."

ನಮ್ಮವರು ಹಿಂಜರಿದರು. ಮಾಮನೇ ಪಟ್ಟಿ ಎಳೆದು ತಲೆಗೆ ತೊಡಿಸಿದರು. ಜಗಲಿಯ ತುಂಬ ರಬ್ಬರಿನ ವಾಸನೆ. "ನಿಧಾನ ಉಸ್ರ್ ಎಳೀರಿ. ಹೆದ್ರಿರೆ ಉಸ್ರ್ ಸಾಲುದಿಲ್ಲೆ, ನಿಧಾನ ಆರೆ ಸಾಕಾತ್ತ್. ಅಲ್ಲಿ ಮೊದ್ಲ್ ಕಲ್ಸುದ್ ಅದನ್ನೇ" ಎಂದು ಹೇಳಿ, ನನ್ನ ಕಡೆ ಒಮ್ಮೆ ನೋಡಿ, ಚಾ ತರುತ್ತೇನೆಂದು ಒಳಗೆ ಹೋದರು.

ಡಬ್ಬಿಯೊಳಗಿಂದ ನಮ್ಮವರ ಉಸಿರು ಸೊಂಯ್ ಎಂದು ಬರುತ್ತ ಹೋಗುತ್ತ ಇತ್ತು. ಗಾಜಿನ ಹಿಂದೆ ಕಣ್ಣುಗಳು ಕಾಣುತ್ತಿದ್ದವು. ಅವರು ಮಾತಾಡುವ ಹಾಗಿರಲಿಲ್ಲ, ಕೇಳುವ ಹಾಗಿದ್ದರು. ಈಗ ಆಗದಿದ್ದರೆ ಇನ್ನು ಆಗುವುದಿಲ್ಲ ಎನಿಸಿತು.

"ಕಾಗ್ದ ಬಂದಿತ್ತ್" ಅಂದೆ. "ಶಾಲೆಗೆ ಬಂದಿತ್ತ್. ನಿಮ್ ಸಹಿ ನಾನೇ ಹಾಕ್ದೆ. ನೀವ್ ಹೇಳಿ ಬರ್ಸಿದ್ ಅರ್ಜಿ ಪೋಸ್ಟಿಗ್ ಹಾಕ್ಲಿಲ್ಲೆ. ಇಲ್ಲೇ ಇತ್ತ್, ಚೀಲದಗೆ."

ಸೊಂಯ್ ಸದ್ದು ನಿಂತಿತು. ಎಷ್ಟು ಹೊತ್ತೋ ನಿಂತಿತು. ಅವರು ಉಸಿರಾಡುವುದನ್ನೇ ಮರೆತರೆಂದು ಹೆದರಿ ನಾನು ಪಟ್ಟಿಗೆ ಕೈ ಹಾಕಲು ಹೋದೆ. ಅವರು ನನ್ನ ಕೈ ಸರಿಸಿದರು. ಆಮೇಲೆ ಸದ್ದು ಮತ್ತೆ ಶುರುವಾಯಿತು, ಬೇಗ ಬೇಗ. ಗಾಜು ಒಳಗಿಂದ ಮಂಜಾಗಿ ಕಣ್ಣು ಕಾಣದಾಯಿತು. ಮಾಮ ಚಾ ತಂದಿಟ್ಟರೂ ಅವರು ಅದನ್ನು ಬಿಚ್ಚಲಿಲ್ಲ. ಕೊನೆಗೆ ಬಿಚ್ಚಿದಾಗ ಕೆನ್ನೆಯ ಮೇಲೆ ರಬ್ಬರಿನ ಗುರುತು ಕೆಂಪಗೆ ಎದ್ದಿತ್ತು. ಮುಖವೆಲ್ಲ ಒದ್ದೆ, ಬೆವರೋ ಏನೋ. ಮಾಮನಿಗೆ ಒಂದೇ ಮಾತು ಹೇಳಿದರು: "ಉಸ್ರ್ ಬತ್ತ್."

ಬಸ್ಸಿನಲ್ಲಿ ಅವರು ಬೇರೆ ಸೀಟಿನಲ್ಲಿ ಕೂತರು. ಕುಂದಾಪುರದಲ್ಲಿ ಇಳಿದ ಮೇಲೆ ಕೈ ಚಾಚಿದರು. ಅರ್ಜಿ ಕೊಟ್ಟೆ. ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮುಂದೆ ನಡೆದರು.

ಆಮೇಲಿನ ದಿನಗಳು ಮೊದಲಿಗಿಂತ ಕೆಟ್ಟವು. ಬೈದಿದ್ದರೆ, ಹೊಡೆದಿದ್ದರೆ ಅದಕ್ಕೊಂದು ಕೊನೆ ಇರುತ್ತಿತ್ತು. ಅವರು ಊಟ ಮಾಡಿದರು, ನೀರು ತಂದರು, ನನಗೆ ಜ್ವರ ಬಂದಾಗ ಕಷಾಯ ಮಾಡಿಕೊಟ್ಟರು. ಮಾತು ಮಾತ್ರ 'ಹೌದು', 'ಇಲ್ಲೆ', 'ಅಕ್ಕಿ ಮುಗೀತ್'. ಅಂಗಿ ಬದಲಿಸಿದಾಗ ಆ ಕಾಗದ ಹಳೆಯ ಕಿಸೆಯಿಂದ ಹೊಸ ಕಿಸೆಗೆ ಹೋಗುತ್ತಿತ್ತು. ಅಂಚೆ ಕಚೇರಿಯ ಕಡೆ ಅವರು ತಿರುಗಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ದಡದಲ್ಲಿ ನನ್ನ ದೋಣಿಗೆ ಕಾಯುವುದನ್ನು ಬಿಟ್ಟರು. ಯಾರೂ ಕಾಯದ ದಡಕ್ಕೆ ಇಳಿಯುವಾಗ, ಕಾಯುತ್ತಿದ್ದದ್ದೇ ಒಳ್ಳೆಯದಿತ್ತು ಎನಿಸಿತು. ರಾಘುವಿಗೆ ನಾನು ಅಂತೋನ್ ಮಾಮ ಹೇಳಿದ ಹಾಗೆಯೇ ಬರೆಯುತ್ತಿದ್ದೆ: ಹೊಳೆ ಎಷ್ಟು ಏರಿತು, ಶಾಲೆಯ ಮಾಡಿನ ಯಾವ ಹಂಚು ಹಾರಿತು. ಅಪ್ಪಯ್ಯ ಆರಾಮ ಎಂದು ಬರೆಯುವಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಮುಚ್ಚಿಟ್ಟದ್ದು ಅಕ್ಷರದಲ್ಲಿ ಗೊತ್ತಾಗುತ್ತದಲ್ಲ.

ಚೌತಿ ಕಳೆದು ಮಳೆ ಹೊಳವಾಯಿತು. ಲಾಂಚು ಮತ್ತೆ ನೀರಿಗಿಳಿಯಿತು. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವರು ಹೊಸ್ತಿಲಲ್ಲಿ ನಿಂತು ಕೇಳಿದರು, "ಇವತ್ತಿಗೆ ಅವ್ನಿಗ್ ಹದ್ನೆಂಟ್ ಆಯ್ತಲ್ದಾ?"

"ಹೌದ್."

ಕಿಸೆಯಿಂದ ಕಾಗದ ತೆಗೆದು ಒಲೆಯ ದಂಡೆಯ ಮೇಲಿಟ್ಟರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. "ಇನ್ನ್ ಅವ್ನ್ ಸಹಿ ಅವ್ನೇ ಹಾಕ್ಲಿ" ಎಂದು ಹೊರಟುಹೋದರು. ನಾನು ಒಲೆ ಹೊತ್ತಿಸಿ ನಾಲ್ಕನ್ನೂ ಹಾಕಿದೆ. ಹಗುರವಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ.

ರಾಘು ಬಂದದ್ದು ಡಿಸೆಂಬರಿನಲ್ಲಿ, ಇಪ್ಪತ್ತು ದಿನದ ರಜೆಗೆ. ಬಸ್ಸಿನಿಂದ ಇಳಿದ ಕೂಡಲೇ ಅವನಪ್ಪ ಎಲ್ಲರ ಮುಂದೆ ಅವನ ಟೋಪಿ ತೆಗೆದು ತಲೆಕೂದಲನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ನೋಡಿದರು. "ಅಯ್ಯೋ ಅಪ್ಪಯ್ಯ, ನೋಯ್ತ್!" ಎಂದು ಅವನು ಕೂಗಿದ. ಅವರು ನಕ್ಕರು. ಆರು ತಿಂಗಳಲ್ಲಿ ನಾನು ಕಂಡ ಮೊದಲ ನಗು. ಪದ್ದಕ್ಕ ಶೀನನನ್ನು ಬಾಚಿ ತಬ್ಬಿ, ಬೈದು, ಮತ್ತೆ ತಬ್ಬಿ ಕೋಡಿಗೆ ಎಳೆದುಕೊಂಡು ಹೋದಳು.

ರಜೆ ಮುಗಿಯಲು ಎರಡು ದಿನವಿರುವಾಗ ರಾಘು ಶಾಲೆಗೆ ಬಂದ. ಮಕ್ಕಳು ಹೋಗಿದ್ದರು. ನನ್ನ ಜತೆ ವಾಪಸು ಹೊರಟವನು ಹೊಯಿಗೆಯ ಮೇಲೆ ನಡೆಯುತ್ತ ನಡೆಯುತ್ತ ನಿಂತ.

"ಅಮ್ಮ, ಆ ಸಹಿ ಅಪ್ಪಯ್ಯಂದ್ ಅಲ್ಲ ಅಲ್ದಾ?"

ಅವನೇ ಮುಂದುವರಿದು, "ಕಂಡ ಕೂಡ್ಲೆ ಗೊತ್ತಾಯ್ತ್. ಅಪ್ಪಯ್ಯ ಅಷ್ಟ್ ಚಂದ ಬರೀತ್ರಿಲ್ಲೆ" ಅಂದ. ನಗುತ್ತಾನೆಂದು ನೋಡಿದೆ. ನಗುತ್ತಿರಲಿಲ್ಲ.

"ನಂಗೆ ಹೋಪುಕೆ ಮನಸ್ಸ್ ಇರ್ಲಿಲ್ಲೆ ಅಮ್ಮ. ಹೆದ್ರಿಕೆ ಆಯಿತ್. ಎಲ್ರೆದ್ರಿಗೆ 'ಒಲ್ಲೆ' ಅಂದ್ರೆ ಮರ್ವಾದಿ ಹೋತ್ತ್. ತಂದೆ ಸಹಿ ಹಾಕ್ಲಿಲ್ಲೆ ಅಂದ್ರೆ ಯಾರೂ ಎಂತದೂ ಹೇಳುದಿಲ್ಲೆ. ಅಪ್ಪಯ್ಯ ಸತ್ರೂ ಹಾಕುದಿಲ್ಲೆ ಅಂತ ಗೊತ್ತಿತ್ತ್. ಅದ್ಕೇ ಕಳ್ಸಿದ್ದ್."

"ಹೇಳ್ಕಿತ್ತಲ ಮಗ" ಅಂದೆ.

"ಹ್ಯಾಂಗ್ ಹೇಳುದ್? ಸಹಿ ಬಂತ್, ಜತೆಗ್ ನಿನ್ ಪತ್ರ ಬಂತ್. ಎರಡ್ ಪುಟ. ಅದನ್ನ್ ಓದಿ ಹಿಂದೆ ಬಪ್ಪುಕೆ ಆಯಿಲ್ಲೆ."

ಮೊದಲ ತಿಂಗಳು ಮುಖವಾಡ ಹಾಕಿದೊಡನೆ ಅವನಿಗೆ ಉಸಿರು ಕಟ್ಟುತ್ತಿತ್ತಂತೆ. ಮೂರು ಸಲ ಕಿತ್ತೆಸೆದು ಬೈಸಿಕೊಂಡಿದ್ದನಂತೆ. ಶೀನ ರಾತ್ರಿಯೆಲ್ಲ ತನ್ನದನ್ನು ಹಾಕಿಕೊಂಡೇ ಮಲಗಿ ಅಭ್ಯಾಸ ಮಾಡಿ, ಇವನಿಗೂ ಮಾಡಿಸಿದನಂತೆ. "ಈಗ ಅಡ್ಡಿಲ್ಲೆ" ಅಂದ. "ಈಗ ಒಳ್ಗ್ ಹೋರೆ ಎಂತದೂ ಆತಿಲ್ಲೆ." ನಾನು ಅಳತೊಡಗಿದಾಗ ಅವನೇ ನನ್ನ ಚೀಲ ಹಿಡಿದುಕೊಂಡ. ದೋಣಿಯವನು ಕರೆಯುವ ತನಕ ನಾವು ಅಲ್ಲೇ ನಿಂತಿದ್ದೆವು.

ಅವನು ಹೊರಟುಹೋದ ದಿನದ ಸಂಜೆ ನಮ್ಮವರು ಅಂಗಳದಲ್ಲಿ ಕೂತು ಪಾದದ ಕೆಸರು ತೊಳೆಯುತ್ತಿದ್ದರು. ಇದನ್ನೂ ಮುಚ್ಚಿಟ್ಟು ಇನ್ನೊಂದು ವರ್ಷ ಬದುಕುವ ಶಕ್ತಿ ನನಗಿರಲಿಲ್ಲ. ಎದುರಿಗೆ ಕೂತು ಅವನು ಹೇಳಿದ್ದನ್ನೆಲ್ಲ ಹೇಳಿದೆ. ಅವರು ತಂಬಿಗೆ ಕೆಳಗಿಟ್ಟರು. ಸಿಟ್ಟು ಬರುತ್ತದೆಂದು ಕಾದೆ.

"ನಾ ಹಾಕುದಿಲ್ಲೆ ಅಂಬುದ್ ಅವ್ನಿಗ್ ಗೊತ್ತಿತ್ತಾ?"

"ಗೊತ್ತಿತ್ತಂಬ್ರ್."

"ಹಂಗಾರೆ ಅವ್ನ್ ನನ್ನನ್ನ್ ನಂಬ್ಕಂಡಿದ್ದ" ಅಂದರು. ಹೊಳೆಯ ಕಡೆ ತಿರುಗಿದರು. ಆ ಮುಖದಲ್ಲಿ ಸಂತೋಷವೂ ಇತ್ತು, ನಾನು ನೋಡಲಾರದ್ದೂ ಇತ್ತು.

ಮರುದಿನ ಬೆಳಿಗ್ಗೆ ಅವರು ನನ್ನಿಂದ ಒಂದು ಇನ್‌ಲ್ಯಾಂಡ್ ಲೆಟರು ಕೇಳಿದರು. ನಾನು ಪೆನ್ನು ಬಿಚ್ಚಿಕೊಂಡು ಕೂತೆ. "ನೀ ಬ್ಯಾಡ" ಎಂದು ಪೆನ್ನನ್ನೂ ತೆಗೆದುಕೊಂಡು ಹೋದರು. ಶಾಲೆಗೆ ಹೋಗುವಾಗ ದೋಣಿಯಿಂದ ನೋಡಿದೆ: ಜನ ಹತ್ತುವ ಮೊದಲು, ಲಾಂಚಿನ ಚುಕ್ಕಾಣಿಯ ಹಿಂದೆ ಕೂತು, ಮಡಿಲಲ್ಲಿ ಹಲಗೆಯಿಟ್ಟುಕೊಂಡು, ಒಂದೊಂದೇ ಅಕ್ಷರ ಬರೆಯುತ್ತಿದ್ದರು. ಮೂರು ದಿನ ಬರೆದರು. ತಾವೇ ಹೋಗಿ ಅಂಚೆಗೆ ಹಾಕಿದರು.

ರಾಘು ಹದಿನೈದು ವರ್ಷ ನೌಕರಿ ಮಾಡಿ ಬಂದು ಗಂಗೊಳ್ಳಿಯಲ್ಲಿ ದೋಣಿಯ ಎಂಜಿನು ರಿಪೇರಿಯ ಅಂಗಡಿ ಇಟ್ಟ. ಮದುವೆಯಾಯಿತು, ಮಗಳಾದಳು. ನಾನು ಅವನಿಗೆ ಬರೆದ ನೂರಾರು ಪತ್ರಗಳಲ್ಲಿ ಒಂದನ್ನೂ ಅವನು ಉಳಿಸಿಕೊಂಡಿಲ್ಲ. ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವಾಗ ಕಳೆದವು ಅನ್ನುತ್ತಾನೆ. ಅಪ್ಪಯ್ಯನ ಆ ಒಂದು ಪತ್ರ ಅವನ ಪೆಟ್ಟಿಗೆಯಲ್ಲಿದೆ ಎಂದು ಸೊಸೆ ಹೇಳುತ್ತಾಳೆ. ಅದರಲ್ಲಿ ಏನಿದೆಯೆಂದು ನಮ್ಮವರು ಹೇಳಲಿಲ್ಲ, ರಾಘುವೂ ಹೇಳಿಲ್ಲ. ನಾನು ಕೇಳಿಲ್ಲ.